ಕೋರ್ಟಿನ ಕೂಲಿ

"ಗಂಡನ್ನ ಜೈಲಿಗೆ ಅಟ್ಬುಟ್ಟು, ಅವನ ಅನ್ನ ಉಣ್ಣಕ್ಕೆ ಇಲ್ಲಿಗೇ ಬಂದವ್ಳೆ ನೋಡ್ರಲಾ. ಈ ಮುಂಡೇಗಿರೋ ಗುಂಡಿಗೆ ಯಾವ ಗಂಡಸ್ಗೂ ಇಲ್ಲ ಕಣ್ರಲಾ."

ಬಸವೇಶ ಈ ಮಾತನ್ನು ಕವನಾಳ ಮುಖ ನೋಡಿ ಹೇಳಲಿಲ್ಲ. ತೂಕದ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಲಾರಿ ಡ್ರೈವರನಿಗೆ ಹೇಳಿದ. ಡ್ರೈವರ್ ನಕ್ಕ. ನೆಲಕ್ಕೆ ನೆಟ್ಟ ಕಬ್ಬಿಣದ ಈಟಿಗಳ ಮುಂದೆ ಬಗ್ಗಿ ತೆಂಗಿನಕಾಯಿ ಸುಲಿಯುತ್ತಿದ್ದ ಆಳುಗಳಲ್ಲೂ ಒಬ್ಬಿಬ್ಬರು ನಕ್ಕರು. ಧಣಿ ನಕ್ಕಾಗ ನಗಬೇಕಲ್ಲ, ಅದಕ್ಕೆ.

ಕವನಾ ತಲೆ ಎತ್ತಲಿಲ್ಲ. ಸುಲಿದ ಸಿಪ್ಪೆಯನ್ನು ಎರಡೂ ತೋಳಲ್ಲಿ ಬಾಚಿ ಗುಡ್ಡೆಗೆ ಎಸೆದಳು. ಹಸಿ ಸಿಪ್ಪೆಯ ಒಗರು ನೀರು ಮುಂಗೈಗೆ ಇಳಿದು, ಬೆಳಿಗ್ಗೆ ಕಿತ್ತುಹೋಗಿದ್ದ ಉಗುರಿನ ಸಂದಿಗೆ ಹೋಗಿ ಚುರುಗುಟ್ಟುತ್ತಿತ್ತು. ಹೊಳೆನರಸೀಪುರದ ಹೊರಗಿನ ಈ ಗೋಡೌನಿನಲ್ಲಿ ಇದು ಅವಳ ಮೊದಲನೇ ದಿನ. ಸಾಲಿನ ಕೊನೆಯ ಈಟಿಯ ಮುಂದೆ ಯಾರೂ ನಿಂತಿರಲಿಲ್ಲ. ಅದು ಅವಳ ಗಂಡ ಶಾಂತರಾಜುವಿನದು. ಮದುವೆಯಾದಾಗಿನಿಂದ ಅವನು ಅಲ್ಲೇ ಕಾಯಿ ಸುಲಿದವನು, ಲೋಡು ಹೊತ್ತವನು. ಪೊಲೀಸರು ಅವನನ್ನು ಹಿಡಿದುಕೊಂಡು ಹೋದದ್ದೂ ಅದೇ ಈಟಿಯ ಮುಂದಿನಿಂದ. ಹಿಡಿಸಿದವಳು ಅವಳೇ.

"ಏನಮ್ಮಿ, ಕಿವಿ ಕೇಳಕ್ಕಿಲ್ವಾ?" ಈಗ ಬಸವೇಶ ಅವಳಿಗೇ ಕೇಳಿದ.

"ಕೇಳುಸ್ತದೆ ಸಾ."

"ಕೆಲ್ಸ ಕೊಟ್ಟಿದೀನಿ, ಉಳುಸ್ಕೋ. ಇಲ್ಲಿ ಕೋರ್ಟು ಕಚೇರಿ ಅಂದ್ರೆ ಕಾಲು ಮುರೀತೀನಿ. ನಿಮ್ ಕೇರಿಯೋರ್ಗೆ ಒಂದು ಕಾಗ್ದ ಸಿಕ್ಬುಟ್ರೆ ಸಾಕು, ಆಕಾಶ್ಕೆ ಏಣಿ ಹಾಕ್ತೀರಿ."

ಹೂಂ ಅಂದಳು. ಅವಳು ಬೈಸಿಕೊಳ್ಳಲೆಂದು ಬಂದವಳಲ್ಲ. ಕೂಲಿಗೆಂದು ಬಂದವಳು. ಇಲ್ಲಿನ ಕೂಲಿ ಎಷ್ಟು ಎಂದು ಅವಳು ತನ್ನ ಕಿವಿಯಾರೆ ಕೇಳಿದ್ದಳು. ಕೋರ್ಟಿನ ಕಟಕಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿ, ಇದೇ ಬಸವೇಶ ಹೇಳಿದ್ದ.

ಕವನಾ ಗಂಡನ ಮನೆ ಬಿಟ್ಟದ್ದು ಹೊಡೆತಕ್ಕಲ್ಲ, ಕುಡಿತಕ್ಕಲ್ಲ. ಬುದ್ಧನ ಪಟದ ಮುಂದೆ ಹಾರ ಬದಲಾಯಿಸಿಕೊಂಡು ಮದುವೆಯಾದವರು ಅವರು. ಮೊದಲು ತೇಜಶ್ರೀ ಹುಟ್ಟಿದಳು. ಎರಡನೆಯದು ಗಂಡು, ಭೀಮ ಎಂದು ಹೆಸರಿಟ್ಟರು. ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದ ಆ ಕೂಸಿಗೆ ಒಂದು ಮಳೆಗಾಲದಲ್ಲಿ ಜ್ವರ ಬಂತು. ಊರಿನ ಡಾಕ್ಟರು, ಇದು ನನ್ನ ಕೈಲಿಲ್ಲ, ಹಾಸನಕ್ಕೆ ಕರಕೊಂಡು ಹೋಗು ಅಂದರು. ಶಾಂತರಾಜು ಅಂದು ಲಾರಿ ಹತ್ತಿ ಚನ್ನರಾಯಪಟ್ಟಣಕ್ಕೆ ಲೋಡಿಳಿಸಲು ಹೋಗಿದ್ದ. ಕವನಾ ಫೋನು ಮಾಡಿದಳು. "ನೀನು ಒರಡು, ನಾನು ಬಂದೆ" ಅಂದ. ಅವಳು ಹೊರಟಳು. ಅವನು ಬರಲಿಲ್ಲ. ಹಾಸನದ ದಾರಿಯಲ್ಲೇ, ಬಸ್ಸಿನಲ್ಲಿ, ಕೂಸು ಅವಳ ತೊಡೆಯ ಮೇಲೆ ತಣ್ಣಗಾಯಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಸೆರಗಿನಿಂದ ಅದರ ಮುಖ ಮುಚ್ಚಿದ್ದು ಅವಳಿಗೆ ನೆನಪಿದೆ. ಆಮೇಲಿನದು ಯಾವುದೂ ಸರಿಯಾಗಿ ನೆನಪಿಲ್ಲ.

ಮಣ್ಣು ಮಾಡಿದ ಮೇಲೆ ಅವಳು ಗಂಡನಿಗೆ ಒಂದೇ ಮಾತು ಕೇಳಿದಳು: "ಲೋಡು ಇಳೀತಾ?" ಅವನು ಉತ್ತರ ಕೊಡಲಿಲ್ಲ. ಆ ಮೌನವನ್ನು ಅವಳು ಕ್ಷಮಿಸಲಿಲ್ಲ. ಮಗಳ ಕೈ ಹಿಡಿದುಕೊಂಡು ಅರಕಲಗೂಡು ಕಡೆಯ ಬಸ್ಸು ಹತ್ತಿ, ಮಲ್ಲಿಪಟ್ಟಣದ ಅಣ್ಣನ ಮನೆಗೆ ಬಂದುಬಿಟ್ಟಳು.

ಅಣ್ಣ ಕೆಟ್ಟವನಲ್ಲ. ಅತ್ತಿಗೆಯೂ ಮೊದಮೊದಲು ಕೆಟ್ಟವಳಾಗಿರಲಿಲ್ಲ. ಆದರೆ ಎರಡು ಕೋಣೆಯ ಮನೆಯಲ್ಲಿ ಇನ್ನೂ ಎರಡು ತಟ್ಟೆ ಹೆಚ್ಚಾದರೆ ಯಾರ ಒಳ್ಳೆಯತನ ಎಷ್ಟು ದಿನ ತಡೆದೀತು? ಶುಂಠಿ ಹೊಲದಲ್ಲಿ ಕೂಲಿಗೆ ಹೋದಳು. ಶುಂಠಿ ಮುಗಿದ ಮೇಲೆ ಸುಮ್ಮನೆ ಕೂತಳು. ಯಾರೋ ಹೇಳಿದರು, ಒಂಟಿ ಹೆಂಗಸಿಗೆ ಸರ್ಕಾರ ಪಿಂಚಣಿ ಕೊಡುತ್ತದಂತೆ ಎಂದು. ಕಚೇರಿಗೆ ಹೋದರೆ ಮೇಜಿನ ಹಿಂದಿದ್ದವನು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಗಂಡ ಬದುಕಿದ್ದಾನಾ?"

"ಅವ್ನೆ ಸಾ."

"ಮತ್ತೆ? ಅವನು ಹುಟ್ಟಿಸಿದ್ದನ್ನ ಸರ್ಕಾರ ಸಾಕ್ಬೇಕಾ? ಮೊದಲು ಅವನ ಮೇಲೆ ಜೀವನಾಂಶದ ಕೇಸ್ ಹಾಕಮ್ಮ. ಆರ್ಡರ್ ತಗೊಂಡ್ ಬಾ. ಅವನು ನೋಡ್ಕೊಳಲ್ಲ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಹಾಗೆ ಅವಳು ಅರಕಲಗೂಡಿನ ಕೋರ್ಟಿನಲ್ಲಿ ಕೇಸು ಹಾಕಿದ್ದು. ಬಡವರಿಗೆ ಸರ್ಕಾರ ಬಿಟ್ಟಿಯಾಗಿ ಕೊಡುವ ವಕೀಲರಾಗಿ ಆತ್ರೇಯ ಅವರು ಸಿಕ್ಕಿದರು. ತಾತನ ಕಾಲದಿಂದ ದೇವಸ್ಥಾನದ ಬೀದಿಯಲ್ಲಿರುವ ಮನೆ, ಮಾತು ಮೆತ್ತಗೆ. ಗಂಡನ ಸಂಪಾದನೆ ಎಷ್ಟೆಂದು ಕೋರ್ಟಿಗೆ ತೋರಿಸಬೇಕೆಂದು ಅವರು ಬಸವೇಶನಿಗೆ ಸಮನ್ಸ್ ಕಳಿಸಿದರು. ಬಸವೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಕೂಲಿ ಎಷ್ಟು ಕೊಡುತ್ತೀರಿ ಎಂದು ಕೇಳಿದಾಗ ಎದೆಯುಬ್ಬಿಸಿ ಹೇಳಿದ: "ಸರ್ಕಾರ ಎಷ್ಟು ಗೊತ್ತು ಮಾಡಿದೆಯೋ ಅಷ್ಟು ಸ್ವಾಮಿ. ಒಂದು ದಿನಕ್ಕೂ ಕಮ್ಮಿ ಕೊಟ್ಟಿಲ್ಲ. ಹಬ್ಬಕ್ಕೆ ಬಟ್ಟೆ ಬೇರೆ."

ಮ್ಯಾಜಿಸ್ಟ್ರೇಟರು ಶಾಂತರಾಜುವಿನ ಕಡೆ ತಿರುಗಿ, ಇದು ನಿಜವೇ ಎಂದು ಕೇಳಿದರು. ಅವನು ಒಂದು ಸಲ ಬಸವೇಶನನ್ನು ನೋಡಿದ. ಆಮೇಲೆ ನೆಲ ನೋಡಿದ. "ಅವ್ರು ಹೇಳ್ದಂಗೇ ಸ್ವಾಮಿ" ಅಂದ.

ಕವನಾಳ ಮೈಯೆಲ್ಲ ಉರಿದುಹೋಗಿತ್ತು. ಅಷ್ಟು ದುಡಿಯುವವನು ಮಗಳಿಗೆ ಕಳಿಸುತ್ತಿದ್ದದ್ದು ಎಷ್ಟು? ಒಂದು ತಿಂಗಳು ಅಕ್ಕಿಗಾಗುವಷ್ಟು, ಇನ್ನೊಂದು ತಿಂಗಳು ಅದೂ ಇಲ್ಲ. ಮಿಕ್ಕದ್ದನ್ನು ಯಾವಳಿಗೆ ಸುರಿಯುತ್ತಿದ್ದಾನೋ ಎಂದುಕೊಂಡಳು. ಕೈಕಾಲು ಗಟ್ಟಿಯಿರುವ ಗಂಡಸು ಹೆಂಡತಿ ಮಕ್ಕಳನ್ನು ಸಾಕಲೇಬೇಕು ಎಂದು ಆರ್ಡರಾಯಿತು. ಆ ಕೂಲಿಯ ಲೆಕ್ಕದಲ್ಲೇ ಜೀವನಾಂಶ ಗೊತ್ತಾಯಿತು.

ಆರ್ಡರು ಹಿಡಿದು ಕಚೇರಿಗೆ ಹೋದರೆ ಅದೇ ಮೇಜಿನವನು ಅದನ್ನು ಓದಿ ವಾಪಸು ಕೊಟ್ಟ. "ಈಗ ನಿನಗೆ ಜೀವನಾಂಶ ಇದೆಯಲ್ಲಮ್ಮ. ಆದಾಯ ಇರೋರಿಗೆ ಪಿಂಚಣಿ ಹೆಂಗೆ ಬರತ್ತೆ?"

"ಅದು ಬತ್ತಾ ಇಲ್ವಲ್ಲ ಸಾ."

"ಬರ್ಲಿಲ್ಲ ಅಂದ್ರೆ ಕೋರ್ಟಿಗೆ ಹೇಳು. ವಾರೆಂಟ್ ಹಾಕ್ತಾರೆ. ಮುಂದಿನೋರು ಬನ್ನಿ."

ಅವಳು ಕೋರ್ಟಿಗೆ ಹೇಳಿದಳು. ವಾರೆಂಟು ಹಾಕಿದರು. ಬಾಕಿ ಕಟ್ಟದೇ ಹೋದದ್ದಕ್ಕೆ ಶಾಂತರಾಜುವಿಗೆ ಒಂದು ತಿಂಗಳ ಜೈಲಾಯಿತು.

ಆ ಸುದ್ದಿಯನ್ನು ಮಲ್ಲಿಪಟ್ಟಣಕ್ಕೆ ತಂದವಳು ಅತ್ತೆ ಮಾಯಮ್ಮ. ಕಣ್ಣಿಗೆ ಪೊರೆ ಬಂದು, ಯಾರದೋ ಕೈ ಹಿಡಿದು ಬಸ್ಸು ಇಳಿದು, ಬಾಗಿಲ ಹೊರಗೇ ಕೂತಳು. ಬೈಯಲಿಲ್ಲ. ಸೊಂಟದ ಚೀಲದಿಂದ ಹುರಿಗಡಲೆಯ ಪೊಟ್ಟಣ ತೆಗೆದು, ಮೊಮ್ಮಗಳು ಎಲ್ಲಿ ನಿಂತಿದ್ದಾಳೆಂದು ಕಾಣದೆ, ಸುಮ್ಮನೆ ಗಾಳಿಗೆ ಚಾಚಿದಳು. ತೇಜಶ್ರೀ ಬಂದು ತೆಗೆದುಕೊಂಡಳು.

"ನೀನು ಗೆದ್ದೆ ಕಣವ್ವ" ಅಂದಳು ಮಾಯಮ್ಮ. "ಪೊಲೀಸ್ನೋರು ಕರ್ಕೊಂಡೋದ್ರು. ಒಳ್ಳೇದೇ. ಅದ್ರಿಂದ ಮಗೀಗೆ ಏನಾರಾ ಬಂತಾ?"

ಒಳಗಿನಿಂದ ಅತ್ತಿಗೆ ಪಾತ್ರೆ ಕುಕ್ಕಿದ ಸದ್ದು ಕೇಳಿಸಿತು. ಅಂದೇ ಸಂಜೆ ಕವನಾ ಬಟ್ಟೆ ಗಂಟು ಕಟ್ಟಿ, ಮಗಳನ್ನೂ ಅತ್ತೆಯನ್ನೂ ಕರೆದುಕೊಂಡು ಹೊಳೆನರಸೀಪುರದ ಹತ್ತಿರದ ಕೇರಿಗೆ ವಾಪಸು ಬಂದಳು. ಶಾಂತರಾಜುವಿನ ಕೆಲಸ ಖಾಲಿಯಿದೆ, ಅಷ್ಟು ಕೂಲಿ ಸಿಕ್ಕರೆ ಮೂವರೂ ಬದುಕಬಹುದು ಎನ್ನುವುದು ಅವಳ ಲೆಕ್ಕವಾಗಿತ್ತು.

ಶನಿವಾರ ಸಾಯಂಕಾಲ ಬಟವಾಡೆ. ಆಳುಗಳು ಸಾಲಾಗಿ ನಿಂತರು. ಬಸವೇಶ ಒಬ್ಬೊಬ್ಬರ ಅಂಗೈಗೆ ನೋಟು ಹಾಕುತ್ತ ಬಂದ. ಕವನಾ ತನ್ನ ಪಾಲು ಎಣಿಸಿಕೊಂಡು, ಅಲ್ಲೇ ನಿಂತಳು.

"ಏನು?"

"ಇದು ಪೂರ್ತಿ ವಾರದ್ದಾ ಸಾ?"

"ಇನ್ನೇನು ವರ್ಸದ್ದಾ?"

"ಕೋರ್ಟಲ್ಲಿ ನೀವು ಏಳಿದ್ದು..." ಅವಳು ಅಂಗೈಯ ನೋಟನ್ನು ಅವನ ಮುಂದೆ ಚಾಚಿದಳು. "ಅದ್ರಲ್ಲಿ ಅರ್ಧನೂ ಇಲ್ವಲ್ಲ ಇದು."

ಸಾಲು ಗಪ್ಪಾಯಿತು. ಬಸವೇಶ ಸಿಟ್ಟಾಗಲಿಲ್ಲ. ಮಗುವಿಗೆ ತಿಳಿಹೇಳುವವನ ಹಾಗೆ ನಕ್ಕ. "ಅದು ಕೋರ್ಟಿನ ಕೂಲಿ ಕಣಮ್ಮಿ. ಇದು ಗೋಡೌನಿನ ಕೂಲಿ. ಅದು ಬೇಕಿದ್ರೆ ಅಲ್ಲೇ ಓಗಿ ಗುಡ್ಸು."

ಹೆಣ್ಣಾಳೆಂದು ಕಮ್ಮಿ ಕೊಟ್ಟನೋ ಎಂಬ ಒಂದು ಆಸೆ ಇನ್ನೂ ಉಳಿದಿತ್ತು. ಗೇಟಿನ ಹೊರಗೆ ಬೋರಪ್ಪನನ್ನು ಹಿಡಿದಳು. ಅವನು ಶಾಂತರಾಜುವಿನ ಪಕ್ಕದ ಈಟಿಯವನು, ತಲೆ ನರೆತವನು.

"ಬೋರಣ್ಣ, ನಿಂದು ತೋರ್ಸು."

ಬೋರಪ್ಪ ಮುಚ್ಚಿದ ಮುಷ್ಟಿಯನ್ನು ಬಿಚ್ಚಿ ತೋರಿಸಿದ. ಅವಳದಕ್ಕಿಂತ ಒಂದು ನೋಟು ಹೆಚ್ಚು, ಅಷ್ಟೇ.

"ಅವನ್ಗೂ ಇಷ್ಟೇನಾ?"

"ಎಲ್ಲಾರ್ಗೂ ಇಷ್ಟೇ ಕಣವ್ವ, ಇಪ್ಪತ್ತೊರ್ಸದಿಂದ. ಲೇಬರ್ ಆಪೀಸಿನ ಸಾಯೇಬ್ರು ಬಂದು ಕೇಳ್ದಾಗ ಸರ್ಕಾರಿ ಕೂಲಿ ಅನ್ಬೇಕು. ಅನ್ಲಿಲ್ಲ ಅಂದ್ರೆ ನಾಳಿಂದ ಗೇಟು ಮುಚ್ತು." ಬೋರಪ್ಪ ಎತ್ತಲೋ ನೋಡಿದ. "ನಿನ್ ಗಂಡ ಮದ್ಯಾನದ ಊಟ ಬುಟ್ಟಿದ್ದ, ಗೊತ್ತಾ ನಿಂಗೆ? ಕೇಳಿದ್ರೆ ಹಸಿವಿಲ್ಲ ಅನ್ನವ್ನು. ಲೋಡು ಹೊರೋನ್ಗೆ ಹಸಿವಿರಕ್ಕಿಲ್ವಾ?"

ಕವನಾ ರಸ್ತೆ ಪಕ್ಕದ ಮೋರಿಯ ಕಟ್ಟೆ ಮೇಲೆ ಕೂತಳು. ಎಷ್ಟು ಹೊತ್ತು ಕೂತಿದ್ದಳೋ. ಬಸ್ಸು ಹೋದವು, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕು ಹೋದವು. ಅಂಗೈಯಲ್ಲಿದ್ದ ನೋಟು ಬೆವರಿಗೆ ನೆನೆದು ಮುದ್ದೆಯಾಗಿತ್ತು.

ಮರುವಾರ ಅವಳು ಹಾಸನಕ್ಕೆ ಹೋದಳು. ಜೈಲಿನಲ್ಲಿ ಸಂದರ್ಶನದ ಜಾಲರಿಯ ಆಚೆ ಶಾಂತರಾಜು ಬಂದು ನಿಂತ. ಗಡ್ಡ ಬಂದಿತ್ತು. ಅಂಗಿ ದೊಗಳೆಯಾಗಿತ್ತು. ಬಂದಿರುವವಳು ಅವಳೆಂದು ತಿಳಿದಾಗ ಅವನ ಮುಖದಲ್ಲಿ ಸಿಟ್ಟು ಮೂಡಬಹುದೆಂದು ಕಾದಳು. ಮೂಡಲಿಲ್ಲ.

"ಮಗು ಎಂಗವ್ಳೆ?"

"ಚೆನ್ನಾಗವ್ಳೆ. ನಿಮ್ಮವ್ವನ ತಾವ ಬುಟ್ಟು ಬಂದೆ."

"ಅವ್ವಂಗೆ ಕಣ್ಣು ಕಾಣಕ್ಕಿಲ್ಲ. ಒಲೆ ಹತ್ರ ಮಗೀನ ಬುಡಬ್ಯಾಡ."

"ಹೂಂ."

ಪಕ್ಕದಲ್ಲಿ ಯಾರೋ ಹೆಂಗಸು ಜೋರಾಗಿ ಅಳುತ್ತಿದ್ದಳು. ಅದು ನಿಲ್ಲಲಿ ಎಂದು ಇಬ್ಬರೂ ಕಾದರು. ನಿಲ್ಲಲಿಲ್ಲ.

"ನಾನೀಗ ಗೋಡೌನಿಗೆ ಓಯ್ತಾ ಇದೀನಿ" ಅಂದಳು ಕವನಾ.

ಅವನು ತಲೆಯೆತ್ತಿದ. "ಅಲ್ಲಿಗ್ಯಾಕೋದೆ?"

"ಕೋರ್ಟಲ್ಲಿ ಏಳಿದ್ ಕೂಲಿ ನಂಬ್ಕಂಡು ಓದೆ." ಅವಳು ಜಾಲರಿಯನ್ನು ಹಿಡಿದುಕೊಂಡಳು. "ಅಲ್ಲೇ ಯಾಕೆ ಬಾಯಿ ಬುಡ್ಲಿಲ್ಲ ನೀನು? ಸುಳ್ಳು ಅಂತ ಒಂದ್ ಮಾತು ಅಂದಿದ್ರೆ ಆಗ್ತಿರ್ಲಿಲ್ವಾ?"

"ಅಂದಿದ್ರೆ ಮಾರ್ನೇ ದಿನ್ವೇ ಈಟಿ ಮುಟ್ಟಬ್ಯಾಡ ಅಂತಿದ್ರು. ಇನ್ಯಾರು ಕೆಲ್ಸ ಕೊಟ್ಟಾರು, ಧಣಿ ಮೇಲೆ ಕೋರ್ಟಲ್ಲಿ ಏಳಿದೋನ್ಗೆ? ಅಷ್ಟೋ ಇಷ್ಟೋ ಮಗೀಗೆ ಬತ್ತಿತ್ತಲ್ಲ, ಅದೂ ನಿಂತೋಗದು." ಅವನು ಅವಳ ಮುಖ ನೋಡಿದ. "ನಾನ್ ಹೇಳಿದ್ರೂ ನೀನು ನಂಬ್ತಿದ್ಯಾ ಕವನಾ?"

ನಂಬುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಆವತ್ತು ಯಾಕೆ ಬರ್ಲಿಲ್ಲ?" ವರ್ಷಗಳಿಂದ ಗಂಟಲಲ್ಲೇ ಇಟ್ಟುಕೊಂಡಿದ್ದದ್ದನ್ನು ಅವಳು ಕೊನೆಗೂ ಕೇಳಿದಳು. "ಭೀಮಂಗೆ ಜ್ವರ ಬಂದ ದಿನ."

ಶಾಂತರಾಜು ಗೋಡೆಗೆ ಒರಗಿದ.

"ಅರ್ಧ ಲೋಡಲ್ಲಿ ಬುಟ್ಟೋದ್ರೆ ಕೂಲಿ ಇಲ್ಲ ಅಂದ್ರು. ಬರೀ ಕೈಲಿ ಆಸ್ಪತ್ರೆಗೆ ಬಂದು ಏನ್ ಮಾಡ್ಲಿ ಅನ್ಕಂಡೆ. ಬಿರ್ಬಿರ್ನೆ ಲೋಡು ಇಳ್ಸಿ, ಕಾಸು ಈಸ್ಕಂಡು ಹಾಸನದ ಬಸ್ಸು ಹತ್ತಿದೆ. ಶಾಂತಿಗ್ರಾಮ ಬತ್ತಾ ಇತ್ತು. ಆಗ ನಿಮ್ಮಣ್ಣ ಫೋನ್ ಮಾಡ್ದ." ಅವನು ಅಂಗಿಯ ಜೇಬನ್ನು ಅಂಗೈಯಿಂದ ಒತ್ತಿ ಹಿಡಿದ. "ಕಾಸು ಇಲ್ಲೇ ಇತ್ತು ಕಣೆ. ಶಾಂತಿಗ್ರಾಮದಲ್ಲಿ ಇಳ್ಕಂಡು ರಸ್ತೆ ಪಕ್ಕ ನಿಂತಿದ್ದೆ. ಯಾ ಕಡೆ ಬಸ್ಸು ಹತ್ಬೇಕು ಅಂತಾನೇ ತಿಳೀಲಿಲ್ಲ."

ಹೊತ್ತಾಯಿತು ಎಂದು ಪೊಲೀಸಿನವನು ಕೂಗಿದ. ಕವನಾ ಜಾಲರಿಯೊಳಗೆ ಬೆರಳು ತೂರಿಸಲು ನೋಡಿದಳು. ಸಂದು ಅಷ್ಟು ದೊಡ್ಡದಿರಲಿಲ್ಲ.

ಹಾಸನದಿಂದ ಬರುವಾಗಲೇ ಅವಳು ಒಂದು ತೀರ್ಮಾನಕ್ಕೆ ಬಂದಿದ್ದಳು. ಅರಕಲಗೂಡಿಗೆ ಹೋಗಿ ಆತ್ರೇಯರ ಮನೆ ಜಗಲಿಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು. ಅವರು ಕಾಫಿ ಕುಡಿಯುತ್ತ ತಾಳ್ಮೆಯಿಂದ ಕೇಳಿದರು.

"ನೋಡಮ್ಮ, ನಾನು ನಿನ್ನ ಪರ ವಕೀಲ. ಗಂಡನ ಸಂಪಾದನೆ ಕಮ್ಮಿ ಅಂತ ನೀನೇ ಹೇಳಿದರೆ ನಿನ್ನ ಜೀವನಾಂಶವೇ ಕಮ್ಮಿ ಆಗತ್ತೆ. ಅಂಥ ದಡ್ಡತನ ಯಾರಾದರೂ ಮಾಡ್ತಾರಾ?"

"ಬರ್ದೇ ಇರೋದು ಕಮ್ಮಿಯಾದ್ರೇನು ಜಾಸ್ತಿಯಾದ್ರೇನು ಸಾ?"

"ಅದು ಬೇರೆ ವಿಷಯ. ಬಸವೇಶ ಮರ್ಯಾದಸ್ಥ, ಎಲ್ಲರಿಗೂ ಬೇಕಾದವನು. ಪ್ರಮಾಣ ಮಾಡಿ ಸುಳ್ಳು ಹೇಳಿದ ಅಂತ ನೀನು ಕೋರ್ಟಲ್ಲಿ ಹೇಳಿದರೆ ಅದು ಎಲ್ಲಿಗೆ ಹೋಗತ್ತೆ ಗೊತ್ತಾ? ಮುಂದಿನ ತಾರೀಖಿಗೆ ಬಂದು ಬಾಯಿ ಮುಚ್ಕೊಂಡು ನಿಂತರೆ ಸಾಕು. ನಿಮ್ಮ ಜನಕ್ಕೆ ಕಾನೂನು ಇಷ್ಟೆಲ್ಲ ಮಾಡಿಕೊಟ್ಟಿದೆ, ನೀವೇ ಕೆಡಿಸ್ಕೋತೀರಿ."

ತಾರೀಖಿನ ದಿನ ಕೋರ್ಟಿನಲ್ಲಿ ಅವಳ ಹೆಸರು ಕೂಗಿದರು. ಪೀಠದಲ್ಲಿ ಈಗ ಹೊಸ ಮ್ಯಾಜಿಸ್ಟ್ರೇಟರು, ಹೆಂಗಸು. ಬೋರಪ್ಪ ಸಾಕ್ಷಿ ಹೇಳಲು ಬರುತ್ತೇನೆ ಎಂದಿದ್ದ. ಬೆಳಿಗ್ಗೆ ಅವಳ ಜೊತೆಯಲ್ಲೇ ಬಸ್ಸು ಹತ್ತಿದ್ದ. ಬಸ್ಸಿಳಿದು, ಬೀಡಿ ಸೇದಿ ಬತ್ತೀನಿ, ನೀನು ನಡೀತಿರು ಅಂದವನು ಬರಲಿಲ್ಲ.

"ತಾಯಿ, ಒಂದ್ ಮಾತು ಏಳ್ಬೇಕು" ಅಂದಳು ಕವನಾ. ಆತ್ರೇಯರು ಅವಳತ್ತ ತಿರುಗಿ ಕಣ್ಣು ಬಿಟ್ಟರು. ಅವಳು ನೋಡಲಿಲ್ಲ. "ನನ್ ಗಂಡ ಕೊಡಕ್ಕಿಲ್ಲ ಅಂದೋನಲ್ಲ. ಅವನ್ಗೆ ಆ ಕೂಲಿ ಯಾವತ್ತೂ ಬಂದೇ ಇಲ್ಲ. ಧಣಿ ಇಲ್ಲಿ ಸುಳ್ಳು ಏಳಿ ಓದ್ರು. ಈಗ ನಾನೇ ಅಲ್ಲಿ ದುಡೀತಾ ಇದೀನಿ. ನಂಗೆ ಕೊಡೋದು ನೋಡಿ."

ಸೆರಗಿನ ತುದಿಯ ಗಂಟು ಬಿಚ್ಚಿ ಕೈಚಾಚಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾಜಿಸ್ಟ್ರೇಟರು ಅವಳ ವಯಸ್ಸಿನವರೇ ಇರಬೇಕು. ದಣಿದ ಮುಖ. ಮುಂದೆ ಫೈಲುಗಳ ರಾಶಿ.

"ಸಾಕ್ಷಿ ಯಾರಾದರೂ ಇದ್ದಾರೇನಮ್ಮ?"

ಕವನಾ ಬಾಗಿಲ ಕಡೆ ನೋಡಿದಳು. "ಬತ್ತೀನಿ ಅಂದಿದ್ರು ತಾಯಿ."

"ಹೀಗೆ ಬಾಯಲ್ಲಿ ಹೇಳಿದರೆ ನಾನು ಏನೂ ಮಾಡೋಕೆ ಬರಲ್ಲ. ಆರ್ಡರ್ ಬದಲಾಯಿಸಬೇಕು ಅಂದ್ರೆ ನಿಮ್ಮ ಗಂಡ ಅರ್ಜಿ ಹಾಕಬೇಕು. ದಾಖಲೆ ಬೇಕು, ಸಾಕ್ಷಿ ಬೇಕು." ಅವರ ದನಿಯಲ್ಲಿ ಗಡಸಿರಲಿಲ್ಲ.

"ತಿಂಗಳು ಜೈಲಾತಲ್ಲ ತಾಯಿ, ಇನ್ನು ಬಾಕಿ ತೀರ್ತಾ?"

"ಇಲ್ಲಮ್ಮ. ಜೈಲಿಗೆ ಹೋದ ಮಾತ್ರಕ್ಕೆ ಬಾಕಿ ಹೋಗಲ್ಲ. ಕಟ್ಟಲೇಬೇಕು."

"ಕಟ್ಲಿಲ್ಲ ಅಂದ್ರೆ?"

ಮ್ಯಾಜಿಸ್ಟ್ರೇಟರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಮುಂದಿನ ತಾರೀಖು ಬರೆಸಿದರು. ಅವಳ ಹಿಂದೆ ಇನ್ನೊಬ್ಬಳ ಹೆಸರು ಕೂಗಿದರು.

ಅವಳು ಕೋರ್ಟಿನಲ್ಲಿ ಆಡಿದ ಮಾತು ಅವಳಿಗಿಂತ ಮುಂಚೆಯೇ ಹೊಳೆನರಸೀಪುರ ತಲುಪಿತ್ತು. ಮಾರನೆಯ ಬೆಳಿಗ್ಗೆ ಗೋಡೌನಿನ ಗೇಟಲ್ಲೇ ಬಸವೇಶ ಅವಳನ್ನು ತಡೆದ.

"ನನ್ ಮನೆ ಉಪ್ಪು ತಿಂದು ನನ್ ಮೇಲೇ ಉಚ್ಚೆ ಉಯ್ತೀಯೇನೇ ಲೌಡಿ? ಸಾಕ್ಷಿ ಕರ್ಕಂಡೋಗಿದ್ದಂತೆ, ಎಲ್ಲವ್ನೆ ನಿನ್ ಸಾಕ್ಷಿ?"

ಬೋರಪ್ಪ ಒಳಗೆ ಈಟಿಯ ಮುಂದೆ ಬಗ್ಗಿದ್ದ. ಕಾಯಿಯೊಂದನ್ನು ಚುಚ್ಚಿ ಜೋರಾಗಿ ತಿರುವಿದ. ಸಿಪ್ಪೆ ಸೀಳುವ ಸದ್ದು ಗೇಟಿನವರೆಗೂ ಕೇಳಿಸಿತು.

"ಮಾಡಿರೋ ಕೆಲ್ಸದ ಕಾಸು ಕೊಡಿ ಸಾ. ಒಂಟೋಗ್ತೀನಿ."

"ಕೋರ್ಟಲ್ಲಿ ಈಸ್ಕೋ ಓಗು."

ಆ ವಾರ ಶಾಂತರಾಜು ಬಿಡುಗಡೆಯಾಗಿ ಬಂದ. ಕೇರಿಯ ತುದಿಯಿಂದ ನಡೆದು ಬರುವುದನ್ನು ಕವನಾ ಬಾಗಿಲಿಂದಲೇ ನೋಡಿದಳು. ಮಾಯಮ್ಮ ಅವನ ಹೆಜ್ಜೆಯ ಸದ್ದಿಗೇ ಎದ್ದುನಿಂತು, ಅವನ ಮುಖ, ಭುಜ, ಪಕ್ಕೆಗಳನ್ನೆಲ್ಲ ಕೈಯಿಂದ ಸವರಿ ನೋಡಿದಳು. "ಇಳಿದೋಗಿದ್ದೀಯಲ್ಲೋ ಮಗನೆ" ಎಂದಷ್ಟೇ ಹೇಳಿದಳು. ತೇಜಶ್ರೀ ಅಜ್ಜಿಯ ಹಿಂದೆ ಅವಿತುಕೊಂಡಳು. ಸ್ಕೂಲಿನಲ್ಲಿ ಯಾರೋ ಏನೋ ಅಂದಿದ್ದರು. ಅಪ್ಪ ಕೈ ಚಾಚಿದರೆ ಹತ್ತಿರ ಬರಲಿಲ್ಲ. ಅವನು ಒತ್ತಾಯಿಸಲಿಲ್ಲ. ಸ್ನಾನ ಮಾಡಿ ಜಗಲಿಯಲ್ಲಿ ಕೂತ. ಕವನಾ ಮುದ್ದೆ ಬಡಿಸಿದಳು. ಅವನು ಅರ್ಧ ಮುದ್ದೆಯನ್ನು ತಟ್ಟೆಯ ಅಂಚಿಗೆ ಸರಿಸಿ, "ಮಗೀಗಿರ್ಲಿ" ಅಂದ. ಮಗಳ ಊಟ ಆಗಿದೆ ಎಂದರೂ ಅದನ್ನು ತಿನ್ನಲಿಲ್ಲ.

"ಬೆಳಿಗ್ಗೆ ಓಗಿ ಧಣಿ ಕಾಲಿಗೆ ಬೀಳ್ತೀನಿ" ಅಂದ ಕೊನೆಗೆ. "ತಪ್ಪಾತು ಅಂತೀನಿ. ಕೆಲ್ಸ ಕೊಟ್ರೆ ಸಾಕು. ಇಲ್ದಿದ್ರೆ ಬಾಕಿ ಕಟ್ಟೋದೆಂಗೆ? ತಿರ್ಗಾ ಬತ್ತಾರೆ ಅವ್ರು."

ಕವನಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಅವನು ಏಳುವ ಮುಂಚೆಯೇ ಅವಳು ಗೋಡೌನಿಗೆ ಹೋದಳು. ಲೋಡಾದ ಲಾರಿ ಅಂಗಳದಲ್ಲಿ ಹೊರಡಲು ನಿಂತಿತ್ತು. ಹಗ್ಗ ಬಿಗಿಯುತ್ತಿದ್ದರು. ಅವಳು ತೆರೆದ ಗೇಟಿನ ಒಳಗೆ ನಡೆದು ಬಂದು, ಲಾರಿಯ ಮುಂದಿನ ಚಕ್ರದ ಎದುರು, ಸಿಪ್ಪೆಯ ಪುಡಿ ಹರಡಿದ ನೆಲದ ಮೇಲೆ ಕೂತುಬಿಟ್ಟಳು.

"ಏಯ್, ಏಳೇ ಮೇಲೆ" ಡ್ರೈವರ್ ಕೂಗಿದ.

"ನನ್ ಕೂಲಿ ಕೊಡ್ಲಿ. ನನ್ ಗಂಡನ್ ಕೂಲಿ ಕೊಡ್ಲಿ. ಕೋರ್ಟಲ್ಲಿ ಹೇಳಿದ್ದನ್ನ ಇಲ್ಲೇ ಈ ಜನದ ಮುಂದೆ ಇನ್ನೊಂದ್ ಸಲ ಹೇಳ್ಲಿ."

ಬಸವೇಶ ಬಂದ. ಬೈದ. ಅವಳ ತಾಯಿಯನ್ನು ಬೈದ, ಕೇರಿಯನ್ನು ಬೈದ, ಅವಳ ಹುಟ್ಟನ್ನು ಬೈದ. ಅವಳು ಚಕ್ರವನ್ನೇ ನೋಡುತ್ತ ಕೂತಿದ್ದಳು. ಈಟಿಗಳ ಮೇಲೆ ಸಿಪ್ಪೆ ಸೀಳುವ ಸದ್ದು ಒಂದೊಂದಾಗಿ ನಿಂತಿತು. ಯಾರೂ ಹತ್ತಿರ ಬರಲಿಲ್ಲ. ಯಾರೂ ಕೆಲಸವನ್ನೂ ಮುಂದುವರಿಸಲಿಲ್ಲ. ಬೋರಪ್ಪ ಕೈಯಲ್ಲಿದ್ದ ಕಾಯಿಯನ್ನು ನೆಲಕ್ಕಿಟ್ಟು, ಎಲ್ಲಿಗೆ ಹೋಗಬೇಕೆಂದು ತಿಳಿಯದವನಂತೆ ನಿಂತ.

"ಸ್ಟಾರ್ಟ್ ಮಾಡ್ಲಾ" ಅಂದ ಬಸವೇಶ. ಡ್ರೈವರ್ ಹತ್ತಿ ಎಂಜಿನ್ ಶುರು ಮಾಡಿದ. ಲಾರಿ ನಡುಗಿತು. ಬಿಸಿ ಗಾಳಿ ಅವಳ ಮುಖಕ್ಕೆ ಬಡಿಯಿತು.

ಆಗ ಶಾಂತರಾಜು ಗೇಟಿನಲ್ಲಿ ಬಂದು ನಿಂತ. ಕೈಮುಗಿಯಲೆಂದು ಬಂದವನ ಕೈಗಳು ಎದೆಯ ಹತ್ತಿರ ಅರ್ಧಕ್ಕೆ ನಿಂತಿದ್ದವು. ಬಸವೇಶ ಅವನನ್ನು ನೋಡಿದ. ದನಿ ತಗ್ಗಿಸಿದ.

"ಬಂದ್ಯಾ? ಸರಿಯಾಗೇ ಬಂದೆ. ನಿನ್ ಈಟಿ ಅಲ್ಲೇ ಅದೆ ನೋಡು. ಇವಳ್ನ ಎಬ್ಬಿಸ್ಕಂಡು ಮನೇಗೆ ಬುಟ್ಟು ಬಾ, ಇವತ್ತಿಂದ್ಲೇ ಕೆಲ್ಸ. ಇಲ್ಲ ಅಂದ್ರೆ ಇಬ್ಬರ್ಗೂ ಈ ತಾಲ್ಲೂಕಲ್ಲೇ ಕೂಲಿ ಹುಟ್ಟಕ್ಕಿಲ್ಲ. ಆಮೇಲೆ ಎಷ್ಟು ಸಲ ಜೈಲಿಗೋಯ್ತೀಯೋ ಓಗು."

ಶಾಂತರಾಜು ನಿಧಾನಕ್ಕೆ ನಡೆದು ಬಂದ. ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. ಎಂಜಿನ್ನಿನ ಸದ್ದಿನಲ್ಲಿ ಅವನ ಮಾತು ಅವಳಿಗೆ ಮಾತ್ರ ಕೇಳಿಸಿತು.

"ಏಳು ಕಣೆ. ನನ್ನ ತಿರ್ಗಾ ಹಿಡ್ಕಂಡೋಯ್ತಾರೆ."

"ಗೊತ್ತು."

"ಮಗು ನನ್ ಮುಖನೇ ನೋಡಕ್ಕಿಲ್ಲ ಕವನಾ."

"ಗೊತ್ತು" ಅಂದಳು. ಅವಳ ಕಣ್ಣಿಂದ ನೀರು ಹರಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ. "ಎದ್ರೆ ನೀನು ಇನ್ನೂ ಉಪಾಸ ಬೀಳ್ತೀಯ. ಏಳ್ದಿದ್ರೆ ಜೈಲಿಗೋಯ್ತೀಯ. ಯಾವ್ದು ಮಾಡ್ಲಿ, ನೀನೇ ಹೇಳು."

ಅವನು ಅವಳ ತೋಳು ಹಿಡಿದ. ಬಸವೇಶ, ಡ್ರೈವರ್, ಸಾಲಾಗಿ ನಿಂತ ಆಳುಗಳು ಎಲ್ಲರೂ ನೋಡುತ್ತಿದ್ದರು. ಲಾರಿ ಒಂದು ಗೇಣು ಮುಂದಕ್ಕೆ ಜಗ್ಗಿ ನಿಂತಿತು. ಅವನು ಅವಳನ್ನು ಎಳೆಯಲಿಲ್ಲ. ಹಿಡಿದ ತೋಳನ್ನು ಬಿಡಲೂ ಇಲ್ಲ.